ಎಲೆಕೋಸಿನ ಹೊಲದ ಹುಡುಗಿ ಮತ್ತೆ ಜೇಮ್ಸ್ ಗಥ್ರಿ: ಗೊತ್ತಿರೋರು ಸ್ವಲ್ಪ ಹೇಳಿ

ಮಳೆಗಾಲದ_ಚಪ್ಪಲಿ:
ಎಲ್ರಿಗೂ ನಮಸ್ಕಾರ. ಮಗಳು ಎಡಿನ್‌ಬರಾದಲ್ಲಿ ಓದ್ತಿದಾಳೆ, ನೋಡ್ಕೊಂಡು ಬರೋಣ ಅಂತ ಹೋಗಿದ್ವಿ. ಒಂದಿನ ಮಳೆ ಹಿಡ್ಕೊಂಡಿದ್ದು ಬಿಡ್ಲೇ ಇಲ್ಲ, ಪುಕ್ಕಟೆ ಒಳಗೆ ಬಿಡ್ತಾರೆ ಅಂತ ಅಲ್ಲಿನ ನ್ಯಾಷನಲ್ ಗ್ಯಾಲರಿಗೆ ನುಗ್ಗಿದ್ವಿ (ನಮ್ಮ ಯಜಮಾನ್ರಿಗೆ ಬೇಕಿದ್ದಿದ್ದು ಕಾಫಿ, ಚಿತ್ರ ಅಲ್ಲ). ಒಳಗೆ ಎಲ್ರೂ ಆ ದೊಡ್ಡ ಕೊಂಬಿನ ಜಿಂಕೆ ಚಿತ್ರದ ಮುಂದೆ ಫೋಟೋ ತಗೋತಿದ್ರು. ನಂಗೆ ಮಾತ್ರ ಇನ್ನೊಂದು ಸಣ್ಣ ಚಿತ್ರದ ಮುಂದೆ ಕಾಲೇ ಕೀಳೋಕಾಗ್ಲಿಲ್ಲ. ಎಲೆಕೋಸಿನ ಹೊಲ, ಮೋಡ ಕವಿದ ಬೆಳಕು, ಒಂದು ಪುಟ್ಟ ಹುಡುಗಿ ಕೈಲಿ ಚಾಕು ಹಿಡ್ಕೊಂಡು ಈಗ ತಾನೇ ಬಗ್ಗಿ ಎದ್ದ ಹಾಗೆ ನಿಂತಿದಾಳೆ, ನೇರ ನಮ್ಮನ್ನೇ ನೋಡ್ತಾಳೆ. ನಗಲ್ಲ, ಅಳಲ್ಲ, "ಏನ್ ಬೇಕಿತ್ತು?" ಅನ್ನೋ ಥರ. ಹೆಸರು ‘ಎ ಹೈಂಡ್ಸ್ ಡಾಟರ್’, ಜೇಮ್ಸ್ ಗಥ್ರಿ, 1883 ಅಂತ ಬರ್ದಿತ್ತು. ಯಾರು ಇವನು? ಹಳ್ಳಿಯವನಾ? ಹೈಂಡ್ ಅಂದ್ರೇನು? ಆ ಮಗುನ ಯಾಕೆ ಹಂಗೆ ನಿಲ್ಲಿಸ್ದ? ಊರಿಗೆ ಬಂದು ಎರಡು ವಾರ ಆಯ್ತು, ಅಡುಗೆಮನೇಲಿ ಕೋಸು ಹೆಚ್ಚೋವಾಗೆಲ್ಲ ಅವಳೇ ನೆನಪಾಗ್ತಾಳೆ.

ಸಿಂಪಲ್_ಸೀನಪ್ಪ:
ಹೈಂಡ್ ಅಂದ್ರೆ ಹೆಣ್ಣು ಜಿಂಕೆ ಮೇಡಂ. ಜಿಂಕೆಯ ಮಗಳು. ಅಂದ್ರೆ ಕಣ್ಣು ಜಿಂಕೆ ಥರ ಇದೆ ಅಂತ ಕವಿತ್ವ ಮಾಡಿದಾನೆ. ಶಕುಂತಲೆ ಟೈಪು.

ಲೀತ್_ವಾಕ್_ಲಿಂಗಣ್ಣ:
ಸೀನಪ್ಪಾ, ಅಯ್ಯೋ ದೇವ್ರೇ 😂 ಆ ಪದಕ್ಕೆ ಜಿಂಕೆ ಅನ್ನೋ ಅರ್ಥ ಇರೋದು ನಿಜ, ಆದ್ರೆ ಇಲ್ಲಿ ಅದಲ್ಲ. ಸ್ಕಾಟ್ಲೆಂಡ್‌ನ ತೆಂಕು ಗಡಿ ಜಿಲ್ಲೆಗಳಲ್ಲಿ ಹೈಂಡ್ ಅಂದ್ರೆ ಕೆಲಸ ಗೊತ್ತಿರೋ ಹೊಲದ ಆಳು. ಕುದುರೆ ಕಟ್ಟಿ ಉಳೋನು. ವರ್ಷಕ್ಕೆ ಒಂದ್ಸಲ ಜಾತ್ರೆ ಥರ ಸೇರ್ತಿತ್ತು, ಅಲ್ಲಿ ರೈತ ಸಾಹುಕಾರ್ರು ಆಳುಗಳ ಜೊತೆ ಮುಂದಿನ ವರ್ಷಕ್ಕೆ ಮಾತು ಕುದುರಿಸೋರು. ಕೂಲೀಲಿ ಬಹುಪಾಲು ಕಾಳಲ್ಲೇ: ಓಟ್ಸು, ಬಾರ್ಲಿ, ಆಲೂಗಡ್ಡೆ ಹಾಕ್ಕೊಳ್ಳೋಕೆ ಒಂದಿಷ್ಟು ಜಾಗ, ಒಂದು ಹಸು ಮೇಯಿಸೋ ಹಕ್ಕು. ಮನೆನೂ ಸಾಹುಕಾರಂದೇ. ಕೆಲಸ ಹೋಯ್ತು ಅಂದ್ರೆ ಪಾತ್ರೆ ಪಗಡೆ ಗಾಡಿಗೆ ಹಾಕ್ಕೊಂಡು ಮುಂದಿನ ಊರು. ಮನೆ ಪಕ್ಕ ಇರೋ ತರಕಾರಿ ಪಟ್ಟಿಗೆ ಕೇಲ್‌ಯಾರ್ಡ್ ಅಂತಾರೆ, ಆ ಹುಡುಗಿ ನಿಂತಿರೋದು ಅಂಥದ್ರಲ್ಲೇ, ಅಂದ್ರೆ ಸಾಹುಕಾರನ ಹೊಲ ಅಲ್ಲ, ಅವ್ರ ಮನೆ ಸಾರಿನ ಕೋಸು ಅದು.

ಧಾರವಾಡ_ಫೇಡೆ:
ಲಿಂಗಣ್ಣಾರ, ಅದರಾಗ ಇನ್ನೊಂದು ಮಾತು ಬಿಟ್ರಿ ನೋಡ್ರಿ. ಆ ಕಡೆ ‘ಬಾಂಡೇಜರ್’ ಅಂತ ಒಂದು ಪದ್ಧತಿ ಇತ್ತು. ಹೈಂಡ್ ಒಬ್ಬನ ಕೆಲಸಕ್ಕ ಸೇರೂ ಹಂಗಿಲ್ಲ, ತನ್ನ ಜೋಡಿ ಹೊಲದ ಕೆಲಸಕ್ಕ ಒಬ್ಬ ಹೆಣ್ಣಾಳನ್ನೂ ಕೊಡಬೇಕು. ಹೆಂಡತಿನೋ ಮಗಳೋ ತಂಗಿನೋ, ಯಾರೂ ಇಲ್ಲಂದ್ರ ಹೊರಗಿಂದ ಒಬ್ಬಾಕಿನ್ನ ಕರಕೊಂಡು ಬಂದು ತಾನೇ ಉಣ್ಣಾಕ ಹಾಕಿ ಸಾಕಬೇಕು. ಈಗ ಚಿತ್ರದ ಹೆಸರು ಮತ್ತೊಮ್ಮೆ ಓದ್ರಿ: ಹೈಂಡನ ಮಗಳು. ಆ ಹುಡುಗಿ ದೊಡ್ಡಾಕಿ ಆದ ಮ್ಯಾಲೆ ಏನು ಕೆಲಸ ಕಾದಿತ್ತು ಅಂತ ಆ ಕಾಲದ ಮಂದಿಗೆ ಹೆಸರು ಕೇಳಿದ ಕೂಡ್ಲೇ ಹೊಳೀತಿತ್ತು.

ಮಳೆಗಾಲದ_ಚಪ್ಪಲಿ:
ಅಯ್ಯೋ. ಇದು ಗೊತ್ತಿದ್ದಿದ್ರೆ ಇನ್ನೂ ಹತ್ತು ನಿಮಿಷ ಅಲ್ಲೇ ನಿಂತಿರ್ತಿದ್ದೆ.

ಕೆಂಪು_ಶಾಯಿ:
ಎಲ್ಲ ಚೆನ್ನಾಗಿದೆ, ಆದ್ರೆ ಈ ಗಥ್ರಿ ಯಾರು ಅಂತನೂ ಹೇಳ್ರಪ್ಪ. ಹಳ್ಳಿಯವನೂ ಅಲ್ಲ ಏನೂ ಅಲ್ಲ. 1859ರಲ್ಲಿ ಗ್ರೀನಕ್ ಅನ್ನೋ ಬಂದರು ಪಟ್ಟಣದಲ್ಲಿ ಹುಟ್ಟಿದ್ದು, ಅಪ್ಪ ಪಾದ್ರಿ, ಗ್ಲಾಸ್ಗೋ ಯೂನಿವರ್ಸಿಟೀಲಿ ಲಾ ಓದೋಕೆ ಸೇರಿ 1877ರಲ್ಲಿ ಬಿಟ್ಟ. ಆಮೇಲೆ ಪ್ಯಾರಿಸ್‌ಗೆ ಹೋಗಿ ಕಲಿತು, ವಾಪಸ್ ಬಂದು ಬಡವರ ಮಕ್ಕಳನ್ನ ಹೊಲದಲ್ಲಿ ನಿಲ್ಸಿ ಚಿತ್ರ ಮಾಡಿ ಸಿಟಿ ಶ್ರೀಮಂತರಿಗೆ ತೋರಿಸ್ದ. ಕೊನೆಗೆ ‘ಸರ್’ ಜೇಮ್ಸ್ ಗಥ್ರಿ ಆದ. ಅವಳು ಏನಾದ್ಲು? ಹೆಸರಾದ್ರೂ ಬರೆದ್ನಾ? ಅಪ್ಪನ ಕೆಲಸದ ಹೆಸರಲ್ಲೇ ಅವಳ ಹೆಸರು.

ಬಣ್ಣದ_ಡಬ್ಬಿ:
ಶಾಯಿಯವರೇ, ಪ್ಯಾರಿಸ್ ವಿಷಯ ತಪ್ಪು. ಪ್ಯಾರಿಸ್‌ನಲ್ಲಿ ಕಲಿತಿದ್ದು ಅವನ ಗೆಳೆಯರು, ಲೇವರಿ, ಪ್ಯಾಟರ್ಸನ್ ಇಂಥವರು. ಗಥ್ರಿ ಹೆಚ್ಚೂಕಮ್ಮಿ ತಾನೇ ಕಲಿತವನು, ಮೊದಲು ಗ್ಲಾಸ್ಗೋದಲ್ಲಿ, ಆಮೇಲೆ ಲಂಡನ್‌ನಲ್ಲಿ ಜಾನ್ ಪೆಟ್ಟಿ ಅನ್ನೋ ಹಿರಿಯ ಸ್ಕಾಟಿಷ್ ಕಲಾವಿದ ಸ್ವಲ್ಪ ದಾರಿ ತೋರಿಸ್ದ ಅಷ್ಟೇ. ಫ್ರೆಂಚ್ ಪ್ರಭಾವ ಬಂದಿದ್ದು ಬಾಸ್ಟಿಯೆನ್ ಲೆಪಾಜ್ ಚಿತ್ರಗಳನ್ನ ನೋಡಿ. ಆ ಲೆಪಾಜ್ ರೈತರ ಮಗ, ಸ್ವಂತ ಹಳ್ಳೀಲೇ ಕೂತು ಹಳ್ಳಿ ಜನರನ್ನ ಬರೀತಿದ್ದ, 36ನೇ ವಯಸ್ಸಿಗೆ 1884ರಲ್ಲಿ ತೀರ್ಕೊಂಡ. ಅವನ ‘ಪೋವ್ರ್ ಫೋವೆಟ್’, ಹರಕು ಬಟ್ಟೆ ಸುತ್ಕೊಂಡು ಹಸು ಕಾಯೋ ಹುಡುಗಿ, ಈಗ ಗ್ಲಾಸ್ಗೋದ ಕೆಲ್ವಿನ್‌ಗ್ರೋವ್ ಮ್ಯೂಸಿಯಂನಲ್ಲೇ ಇದೆ. ಅದನ್ನ ನೋಡಿ ಆಮೇಲೆ ಗಥ್ರಿ ಹುಡುಗಿನ ನೋಡಿದ್ರೆ ಅಕ್ಕ ತಂಗಿ ಅನ್ನಿಸುತ್ತೆ.

ನಾನು ಸ್ಕೂಲಲ್ಲಿ ಡ್ರಾಯಿಂಗ್ ಹೇಳ್ಕೊಡ್ತೀನಿ, ಅದಕ್ಕೆ ಸ್ವಲ್ಪ ಕೊರೀತೀನಿ, ಸಹಿಸ್ಕೊಳ್ಳಿ. ಮುಖ್ಯವಾಗಿ ನೋಡಬೇಕಾದ್ದು ಬ್ರಶ್. ಚಪ್ಪಟೆ ಮೂತಿಯ ಚೌಕ ಬ್ರಶ್ಶಲ್ಲಿ ಅಡ್ಡ ಅಡ್ಡ ಬಡಿದಿದಾನೆ, ಕೋಸಿನ ಎಲೆ ಒಂದೊಂದೂ ಗಾರೆ ಮೆತ್ತಿದ ಹಾಗೆ ಕಾಣುತ್ತೆ. ಬಾನಂಚು ತುಂಬ ಮೇಲಕ್ಕೆ ಹೋಗಿದೆ, ಆಕಾಶ ಅನ್ನೋದು ಒಂದು ಪಟ್ಟಿ ಮಾತ್ರ, ಉಳಿದಿದ್ದೆಲ್ಲ ಮಣ್ಣು. ಅದಕ್ಕೇ ಆ ಹುಡುಗಿ ಆಕಾಶಕ್ಕೆ ಎದ್ದು ನಿಲ್ಲದೆ ಹೊಲದಲ್ಲೇ ನೆಟ್ಟ ಹಾಗೆ ಕಾಣೋದು. ಮೋಡದ ಬೆಳಕೇ ಯಾಕೆ ಅಂದ್ರೆ, ಬಿಸಿಲಿದ್ರೆ ನೆರಳು ಗಂಟೆಗೊಂದು ಕಡೆ ಓಡುತ್ತೆ, ಬಯಲಲ್ಲಿ ನಿಂತು ಬರೆಯೋನಿಗೆ ತಲೆನೋವು. ಮೋಡ ಇದ್ರೆ ಇಡೀ ದಿನ ಒಂದೇ ಬೆಳಕು. ಸ್ಕಾಟ್ಲೆಂಡ್‌ನಲ್ಲಿ ಮೋಡಕ್ಕೇನು ಬರ ಹೇಳಿ.

ಸಿಂಪಲ್_ಸೀನಪ್ಪ:
ಜಿಂಕೆ ವಿಷಯ ವಾಪಸ್ ತಗೊಂಡೆ. ಆದ್ರೆ ಅದೇ ಗ್ಯಾಲರೀಲಿ ಜಿಂಕೆ ಚಿತ್ರ ಇದೆ ಅಂತ ಮೇಡಮ್ಮೇ ಹೇಳಿದ್ರಲ್ಲ, ನನ್ನದೇನು ತಪ್ಪು.

ಬಣ್ಣದ_ಡಬ್ಬಿ:
ಸೀನಪ್ಪನವರು ಗೊತ್ತಿಲ್ಲದೇ ಸರಿಯಾದ ಜಾಗಕ್ಕೇ ಕೈ ಹಾಕಿದಾರೆ. ಆ ಜಿಂಕೆ ಲ್ಯಾಂಡ್‌ಸೀರ್‌ದು, ‘ಮೊನಾರ್ಕ್ ಆಫ್ ದಿ ಗ್ಲೆನ್’, 1851. ಬರೆದವನು ಇಂಗ್ಲಿಷಿನವನು. ಸ್ಕಾಟ್ಲೆಂಡ್ ಅಂದ್ರೆ ಬೆಟ್ಟ, ಮಂಜು, ಕೊಂಬಿನ ಜಿಂಕೆ, ಕಣ್ಣೀರು ಹಾಕೋ ಬಡ ಕುಟುಂಬ ಅನ್ನೋ ಥರದ ಚಿತ್ರಗಳೇ ಆಗ ಖರ್ಚಾಗ್ತಿದ್ದಿದ್ದು. ಗಥ್ರಿ ಮತ್ತೆ ಅವನ ಗೆಳೆಯರು, ಗ್ಲಾಸ್ಗೋ ಬಾಯ್ಸ್ ಅಂತಾರಲ್ಲ ಅವರು, ಹಳೇ ತಲೆಗಳಿಗೆ ‘ಗ್ಲೂಪಾಟ್ಸ್’ ಅಂತ ಅಡ್ಡಹೆಸರಿಟ್ಟಿದ್ರು. ಅಂಟಿನ ಡಬ್ಬಿಗಳು! ಚಿತ್ರಕ್ಕೆ ಹಳೇ ಕಾಲದ್ದು ಅನ್ನಿಸೋ ಹಾಗೆ ಕಂದು ವಾರ್ನಿಶ್ ಮೆತ್ತೋರು ಅಂತ. ಇವರು ಅದನ್ನೆಲ್ಲ ಬಿಟ್ಟು ಎಲೆಕೋಸು ಬರೆದ್ರು. ಆರ್ಥರ್ ಮೆಲ್ವಿಲ್ ಅಂತೂ 1877ರಲ್ಲೇ ‘ಎ ಕ್ಯಾಬೇಜ್ ಗಾರ್ಡನ್’ ಬರೆದಿದ್ದ. ಮ್ಯಾಕ್‌ಗ್ರೆಗರ್ ‘ದಿ ವೆಜಿಟೇಬಲ್ ಸ್ಟಾಲ್’ ಅಂತ ಬರೀ ತರಕಾರಿ ರಾಶಿ ಬರೆದ, 1884ರಲ್ಲಿ.

ಕುಡ್ಲದ_ಮಾಣಿ:
ಎಂತ ಮಾರಾಯ್ರೆ ಎಲ್ಲರಿಗೂ ತರಕಾರಿ ಹುಚ್ಚು. ಮೀನು ಬರೆದವರು ಯಾರೂ ಇಲ್ವಾ ಆ ಊರಲ್ಲಿ? ಸಮುದ್ರ ಅಲ್ಲೇ ಉಂಟಲ್ಲ.

ಲೀತ್_ವಾಕ್_ಲಿಂಗಣ್ಣ:
ಮಾಣಿ, ಸಮುದ್ರ ಪಕ್ಕದಲ್ಲೇ ಇದೆ, ಗಥ್ರಿಗೆ ಮಾತ್ರ ಹೊಲವೇ ಬೇಕಾಗಿತ್ತು 😀 ಈ ಕೋಸಿನ ಹುಡುಗಿನ ಬರೆದ ಊರಿನ ಹೆಸರು ಬರೆಯೋದು ಒಂಥರ, ಅನ್ನೋದು ‘ಕೋಬರ್ನ್ಸ್‌ಪಾತ್’, ಅಲ್ಲಿಯವರು ಚಿಕ್ಕದಾಗಿ ಕೋಪಾತ್ ಅಂತಾರೆ. ಎಡಿನ್‌ಬರಾದಿಂದ ಎ1 ರಸ್ತೇಲಿ ಡನ್‌ಬಾರ್ ದಾಟಿ ಮುಂದೆ ಹೋಗ್ಬೇಕು, ದಾರೀಲಿ ಟಾರ್ನೆಸ್ ಅಣು ವಿದ್ಯುತ್ ಸ್ಥಾವರ ಕಾಣುತ್ತೆ, ಆಮೇಲೆ ಈ ಪುಟ್ಟ ಊರು. ಸದರ್ನ್ ಅಪ್‌ಲ್ಯಾಂಡ್ ವೇ ಅಂತ ಒಂದು ಉದ್ದದ ಕಾಲುದಾರಿ ಇದೆ, ಪಶ್ಚಿಮದ ಕಡಲಿಂದ ಪೂರ್ವದ ಕಡಲವರೆಗೆ, ಅದರ ಈ ಕಡೆ ತುದಿ ಇದೇ ಊರು.

ಕೆಂಪು ಶಾಯಿಯವರಿಗೆ ಒಂದು ಮಾತು. ಮಿಕ್ಕ ಬಾಯ್ಸ್ ಬೇಸಿಗೇಲಿ ಬಂದು, ಚಳಿ ಶುರುವಾದ ತಕ್ಷಣ ಸಿಟಿ ಸ್ಟುಡಿಯೋಗೆ ಓಡೋರು. ಗಥ್ರಿ ಹಂಗಲ್ಲ, 1883ರಿಂದ 85ರವರೆಗೆ ಚಳಿಗಾಲನೂ ಅಲ್ಲೇ ಕಳೆದ, ತಾಯಿನೂ ಬಂದು ಮನೆ ನೋಡ್ಕೊಂಡ್ರು. ಉತ್ತರ ಸಮುದ್ರದ ಗಾಳಿ ಡಿಸೆಂಬರ್‌ನಲ್ಲಿ ಹೆಂಗಿರುತ್ತೆ ಅಂತ ನಾನು ಇಲ್ಲಿ ಬಸ್ ಸ್ಟಾಪಲ್ಲಿ ನಿಂತು ತಿಳ್ಕೊಂಡಿದೀನಿ. ಪ್ರವಾಸಿ ಅನ್ಬೇಡಿ ಅವನನ್ನ.

ಕೆಂಪು_ಶಾಯಿ:
ಪ್ಯಾರಿಸ್ ತಪ್ಪು ಒಪ್ಕೊಂಡೆ. ಎರಡು ಚಳಿಗಾಲ ಇದ್ದ ಮಾತ್ರಕ್ಕೆ ಊರಿನವನಾಗಲ್ಲ ಅನ್ನೋದನ್ನ ಒಪ್ಕೊಳ್ಳಲ್ಲ ಅಂತೀರಾ? ಅವನು ಬೇಕಂದಾಗ ಎದ್ದು ಹೋಗಬಹುದಿತ್ತು, ಹೋದ ಕೂಡ. ಹೈಂಡ್ ಹೋಗಬೇಕಾಗಿದ್ದು ಸಾಹುಕಾರ ಹೇಳಿದಾಗ.

ಧಾರವಾಡ_ಫೇಡೆ:
ಇದು ಖರೇ ಮಾತು ನೋಡ್ರಿ.

ಸುಮ್ನೆ_ಓದೋಳು:
ತುಂಬ ದಿನದಿಂದ ಬರೀ ಓದ್ಕೊಂಡಿದ್ದೆ, ಇವತ್ತು ಬರೀಬೇಕು ಅನ್ನಿಸ್ತು. ಒಂದು ಡೌಟು. ಆ ಮಗು ಸ್ಕೂಲಿಗೆ ಹೋಗೋದು ಬಿಟ್ಟು ಕೋಸು ಯಾಕೆ ಕೊಯ್ತಿದೆ? ಆಗ ಅಲ್ಲಿ ಶಾಲೆ ಇರ್ಲಿಲ್ವಾ?

ಬಣ್ಣದ_ಡಬ್ಬಿ:
ಒಳ್ಳೇ ಪ್ರಶ್ನೆ ಓದೋಳಕ್ಕಾ. 1872ರ ಕಾನೂನಿನಿಂದ ಸ್ಕಾಟ್ಲೆಂಡ್‌ನಲ್ಲಿ 5ರಿಂದ 13 ವರ್ಷದ ಮಕ್ಕಳಿಗೆ ಶಾಲೆ ಕಡ್ಡಾಯ ಆಗಿತ್ತು. ಅಂದ್ರೆ ಇವಳೂ ಸ್ಕೂಲಿಗೆ ಹೋಗ್ಬೇಕಾದ ಮಗುನೇ. ಸ್ಕೂಲು ಬಿಟ್ಟ ಮೇಲೋ ರಜಾ ದಿನವೋ ಸಾರಿಗೆ ಒಂದು ಕೋಸು ತಗೊಂಡು ಬಾ ಅಂತ ಅಮ್ಮ ಕಳಿಸಿರಬಹುದು, ಅದೇನು ದೊಡ್ಡ ದುರಂತ ಅಲ್ಲ. ಅದೇ ಊರಲ್ಲಿ ಗಥ್ರಿ ‘ಸ್ಕೂಲ್‌ಮೇಟ್ಸ್’ ಅಂತ ಇನ್ನೊಂದು ಬರೆದ, 1884-85ರ ಸುಮಾರು, ಮೂರು ಮಕ್ಕಳು ಶಾಲೆ ದಾರೀಲಿ ನಡ್ಕೊಂಡು ಹೋಗೋದು. ಅದು ಈಗ ಬೆಲ್ಜಿಯಂನ ಗೆಂಟ್ ಮ್ಯೂಸಿಯಂನಲ್ಲಿದೆ.

ಹಳೇ_ಟ್ರಂಕು:
ನಾನು ಗಥ್ರಿ ಹೆಸರು ಕೇಳಿದ್ದು ಹೆಣದ ಚಿತ್ರದಿಂದ. ಕೆಲ್ವಿನ್‌ಗ್ರೋವ್‌ನಲ್ಲಿದೆ, ‘ಎ ಹೈಲ್ಯಾಂಡ್ ಫ್ಯೂನರಲ್’. ಬರೆದಾಗ ಅವನಿಗೆ 22 ವರ್ಷ ಅಷ್ಟೇ. ಬ್ರಿಗ್ ಓ ಟರ್ಕ್ ಅನ್ನೋ ಬೆಟ್ಟದ ಊರಲ್ಲಿ ಗೆಳೆಯರ ಜೊತೆ ಇದ್ದಾಗ ಒಬ್ಬ ಹುಡುಗ ಹೊಳೇಲಿ ಮುಳುಗಿ ಸತ್ತ, ಆ ಸಾವಿನ ಮನೆ ನೋಡಿ ಬರೆದಿದ್ದು. ಮನೆ ಮುಂದೆ ಹಿಮ, ಎರಡು ಕುರ್ಚಿ ಮೇಲೆ ಪೆಟ್ಟಿಗೆ, ಸುತ್ತ ಕಪ್ಪು ಕೋಟಿನ ಗಂಡಸರು ಟೋಪಿ ತೆಗೆದು ನಿಂತಿದಾರೆ. ಊಟದ ಮನೆಯಿಂದ ತಂದ ಕುರ್ಚಿ ಇರಬೇಕು ಅನ್ನಿಸಿ ನಂಗೆ ಹೊಟ್ಟೆ ಕಿವುಚಿದ ಹಾಗಾಯ್ತು. 1882ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮೀಲಿ ಪ್ರದರ್ಶನಕ್ಕಿತ್ತು. ಪಕ್ಕದಲ್ಲಿ ಯಾರೋ ಮಕ್ಕಳು ಆನೆ ಬೊಂಬೆ ನೋಡೋಕೆ ಓಡ್ತಿದ್ರು (ಆ ಮ್ಯೂಸಿಯಂನಲ್ಲಿ ನಿಜವಾದ ಆನೆಗೆ ಹುಲ್ಲು ತುಂಬಿ ನಿಲ್ಸಿದಾರೆ, ಸರ್ ರೋಜರ್ ಅಂತ ಹೆಸರು), ನಾನೊಬ್ಬ ಸಾವಿನ ಮನೇಲಿ ನಿಂತಿದ್ದೆ.

ಕುಡ್ಲದ_ಮಾಣಿ:
ಆನೆಗೂ ‘ಸರ್’ ಕೊಟ್ರಾ?? ಕೆಂಪು ಶಾಯಿಯವರೇ ಎಂತ ಹೇಳ್ತೀರಿ ಇದಕ್ಕೆ.

ಕೆಂಪು_ಶಾಯಿ:
😂😂 ಆನೆ ಯಾರ ಮಗಳನ್ನೂ ಹೊಲದಲ್ಲಿ ನಿಲ್ಲಿಸಲಿಲ್ಲ.

ಬಣ್ಣದ_ಡಬ್ಬಿ:
ಹೆಣದ ಚಿತ್ರ ಹೇಳಿದ್ದು ಒಳ್ಳೇದಾಯ್ತು ಟ್ರಂಕಣ್ಣ, ಯಾಕಂದ್ರೆ ಅಲ್ಲಿಂದ ಕೋಸಿನ ಹುಡುಗಿಗೆ ಬರೀ ಒಂದೆರಡು ವರ್ಷದ ಅಂತರ, ಆದ್ರೆ ದಾರಿ ಎಷ್ಟು ದೂರ! ಅದ್ರಲ್ಲಿ ಕಥೆ ಇದೆ, ಸಾವಿದೆ, ಕಪ್ಪಿದೆ. ಆಮೇಲೆ 1882ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್‌ನ ಕ್ರೌಲ್ಯಾಂಡ್‌ಗೆ ಹೋದ, ಬಯಲು ಸೀಮೆ, ಅಲ್ಲಿ ‘ಟು ಪಾಸ್ಚರ್ಸ್ ನ್ಯೂ’ ಶುರು ಮಾಡ್ದ. ಒಬ್ಬ ಹುಡುಗಿ ಬಾತುಗಳನ್ನ ಹೊಡ್ಕೊಂಡು ಹೋಗ್ತಿದಾಳೆ, ಅಷ್ಟೇ. ಒಂದು ಬಾತನ್ನ ಚೌಕಟ್ಟು ಅರ್ಧಕ್ಕೇ ಕತ್ತರಿಸಿದೆ, ಚಿತ್ರದಿಂದ ಆಚೆ ನಡೆದೇ ಬಿಡ್ತು ಅನ್ನೋ ಹಾಗೆ. ಕಥೆನೂ ಇಲ್ಲ ಕಣ್ಣೀರೂ ಇಲ್ಲ. ಕಣ್ಣೀರು ಬೇಕಂದ್ರೆ ಥಾಮಸ್ ಫೇಡ್ ಇದಾನಲ್ಲ, ‘ದಿ ಲಾಸ್ಟ್ ಆಫ್ ದಿ ಕ್ಲ್ಯಾನ್’, 1865. ದೇಶ ಬಿಟ್ಟು ಹೋಗೋರ ಹಡಗು ಹೊರಟಿದೆ, ದಡದಲ್ಲಿ ಮುದುಕರು, ಹೆಂಗಸರು. ಅದರ ಮುಂದೆ ನಿಂತ್ರೆ ನಮ್ಮ ಕೈಗೆ ಕರ್ಚೀಫ್ ಕೊಟ್ಟು ಅಳು ಅಂದ ಹಾಗಿರುತ್ತೆ. ಗಥ್ರಿ ಹುಡುಗಿ ನಮ್ಮ ಮರುಕ ಕೇಳೋದೇ ಇಲ್ಲ. ನನ್ನ ಪ್ರಕಾರ ಅದೇ ಅವನು ಅವಳಿಗೆ ಕೊಟ್ಟ ಮರ್ಯಾದೆ.

ಹಳೇ_ಟ್ರಂಕು:
ಬಾತಲ್ಲ ಮೇಡಂ, ಅವು ಹೆಬ್ಬಾತು. ಬಾತಿಗೂ ಹೆಬ್ಬಾತಿಗೂ ಅಷ್ಟೊಂದು ವ್ಯತ್ಯಾಸ ಇದೆ, ಒಂದ್ಸಲ ಅಟ್ಟಿಸ್ಕೊಂಡು ಬಂದ್ರೆ ಗೊತ್ತಾಗುತ್ತೆ.

ಬಣ್ಣದ_ಡಬ್ಬಿ:
ಸರಿ ಸರಿ, ಹೆಬ್ಬಾತು. ಅಬರ್ಡೀನ್ ಗ್ಯಾಲರೀಲಿದೆ, ಹೋಗಿ ಎಣಿಸ್ಕೊಂಡು ಬನ್ನಿ.

ಧಾರವಾಡ_ಫೇಡೆ:
ಮರ್ಯಾದಿ ಅಂತೀರಿ, ಒಪ್ಪಿದೆ. ಖರೇ ಅಂದ್ರ ನನಗ ಆತನ ಮ್ಯಾಲೆ ಸಿಟ್ಟಿಗಿಂತ ಕುತೂಹಲನ ಜಾಸ್ತಿ. 1885ರಾಗ ಕೋಪಾತ್‌ನ್ಯಾಗ ಆತಗ ಏನೋ ಆತು. ಹೊಲದಾಗ ಆಲೂಗಡ್ಡಿ ಹಚ್ಚೋ ಮಂದಿದು ದೊಡ್ಡ ಚಿತ್ರ ಶುರು ಮಾಡಿ, ಮುಗಸಲಾರದ ಕೈ ಬಿಟ್ಟ. ಚಿತ್ರ ಬರಿಯೂದನ್ನ ಬಿಟ್ಟು ಬಿಡ್ತೀನಿ ಅನ್ನೂ ಮಟ ಹೋದ. ಇನ್ನೂ 26 ವರ್ಷದ ಹುಡುಗ! ಆಮ್ಯಾಲೆ ಹೆಲೆನ್ಸ್‌ಬರಾದಾಗಿನ ಸಂಬಂಧಿಕರ ಕಡೆಯಿಂದ ಒಂದು ಭಾವಚಿತ್ರದ ಕೆಲಸ ಬಂತು, ಅಲ್ಲಿಂದ ದಾರಿನ ಬದಲಾತು. ಒಬ್ಬ ಮಗು ಕೋಸಿನಾಗ ನಿಂತದ್ದನ್ನ ಬರದಾವ, ಹತ್ತು ಮಂದಿ ಬಗ್ಗಿ ದುಡಿಯೂದನ್ನ ಯಾಕ ಬರೀಲಾಕ ಆಗಲಿಲ್ಲ? ನನಗನಸ್ತೈತಿ, ಹುಡುಗಿ ಸುಮ್ಮನ ನಿಂತಿದ್ಲು, ದುಡಿಯೋರು ನಿಲ್ಲಂಗಿಲ್ಲ.

ಲೀತ್_ವಾಕ್_ಲಿಂಗಣ್ಣ:
ಫೇಡೆಯವ್ರೇ, ಆ ಕೊನೇ ಸಾಲು 👌

ಆದ್ರೆ ಹಳ್ಳಿ ಪೂರ್ತಿ ಬಿಡ್ಲಿಲ್ಲ. 1886ರಲ್ಲಿ ಕರ್ಕೂಬ್ರಿಯಲ್ಲಿ ‘ಓಲ್ಡ್ ವಿಲ್ಲಿ’ ಬರೆದ, ಊರಿನ ಒಬ್ಬ ಅಜ್ಜ. ಅದೂ ಕೆಲ್ವಿನ್‌ಗ್ರೋವ್‌ನಲ್ಲೇ ಇದೆ, ಶಾಯಿಯವರೇ, ಅಜ್ಜನಿಗೆ ಹೆಸರಿದೆ ನೋಡಿ! ‘ಇನ್ ದಿ ಆರ್ಚರ್ಡ್’ ಅದೇ ಹೊತ್ತಿನದು, ಇಬ್ಬರು ಮಕ್ಕಳು ಸೇಬು ಆಯ್ತಿರೋದು. 2012ರಲ್ಲಿ ಎಡಿನ್‌ಬರಾ ಮತ್ತೆ ಗ್ಲಾಸ್ಗೋ ಎರಡೂ ಊರಿನ ಮ್ಯೂಸಿಯಂನವರು ಪಾಲುದಾರಿಕೇಲಿ ಕೊಂಡ್ರು. ಈ ಎರಡು ಊರಿನವರು ಒಂದು ವಿಷಯಕ್ಕೆ ಒಪ್ಪಿದ್ರು ಅಂದ್ರೇನೇ ಸುದ್ದಿ. ಬೆಂಗ್ಳೂರು ಮೈಸೂರು ಥರ ಅನ್ಕೊಬೇಡಿ, ಅದಕ್ಕಿಂತ ಜಾಸ್ತಿ.

ಕೆಂಪು_ಶಾಯಿ:
ಅಜ್ಜನಿಗೆ ಹೆಸರಿಟ್ಟಿದ್ದಕ್ಕೆ ಅರ್ಧ ಮಾರ್ಕ್ಸ್. ಆಮೇಲಿನದು ನಾನು ಹೇಳ್ತೀನಿ ಕೇಳಿ. 1902ರಿಂದ 1919ರವರೆಗೆ ರಾಯಲ್ ಸ್ಕಾಟಿಷ್ ಅಕಾಡೆಮಿ ಅಧ್ಯಕ್ಷ, 1903ರಲ್ಲಿ ಸರ್ ಪದವಿ. ಯಾವ ಅಂಟಿನ ಡಬ್ಬಿಗಳನ್ನ ಗೇಲಿ ಮಾಡ್ತಿದ್ರೋ ಅವರ ಕುರ್ಚೀಲೇ ಕೂತ. ಕೊನೇ ದೊಡ್ಡ ಕೆಲಸ ಏನು? ಮೊದಲ ಮಹಾಯುದ್ಧದ ರಾಜಕಾರಣಿಗಳ ಗುಂಪು ಚಿತ್ರ. ದಕ್ಷಿಣ ಆಫ್ರಿಕಾದ ಕುಬೇರ ಏಬ್ ಬೇಲಿ ದುಡ್ಡು ಕೊಟ್ಟಿದ್ದು, 1924ರಿಂದ 1930ರವರೆಗೆ ಅದೇ. ಹದಿನೇಳು ಜನ. ಒಬ್ಬೊಬ್ಬರಿಗೂ ಹೆಸರು, ಬಿರುದು, ಪೂರ್ತಿ ಪಟ್ಟಿ. ನಡುವೆ ಬೆಳಕು ಬಿದ್ದಿರೋ ಮುಖ ಚರ್ಚಿಲ್‌ದು. 1930ರ ಸೆಪ್ಟೆಂಬರ್‌ನಲ್ಲೇ ಗಥ್ರಿ ತೀರ್ಕೊಂಡ.

ಸುಮ್ನೆ_ಓದೋಳು:
ಆ ಚಿತ್ರ ನೋಡಿದ ನೆನಪು! ಲಂಡನ್ನಿನ ಪೋರ್ಟ್ರೇಟ್ ಗ್ಯಾಲರಿದು ಅಲ್ವಾ? ಅದ್ರಲ್ಲಿ ನಮ್ಮ ದೇಶದವರೂ ಒಬ್ರಿದಾರೆ, ಬಿಕಾನೇರ್ ಮಹಾರಾಜ ಗಂಗಾ ಸಿಂಗ್. 1919ರಲ್ಲಿ ವರ್ಸೇಲ್ಸ್ ಒಪ್ಪಂದಕ್ಕೆ ಭಾರತದ ಕಡೆಯಿಂದ ಸಹಿ ಹಾಕಿದವರಲ್ಲಿ ಒಬ್ರು. ಅಲ್ಲಿ ನೋಡಿದಾಗ ಕಲಾವಿದ ಯಾರು ಅಂತ ಗಮನಿಸಿರ್ಲೇ ಇಲ್ಲ. ಅದೇ ಕೈ ಎಲೆಕೋಸೂ ಬರೆದಿತ್ತಾ!

ಬಣ್ಣದ_ಡಬ್ಬಿ:
ಅದೇ ಕೈ. ಆ ಚಿತ್ರಕ್ಕಾಗಿ ಒಬ್ಬೊಬ್ಬರದೇ ಮುಖ ಬಿಡಿಯಾಗಿ ಬರ್ಕೊಂಡಿದ್ದ, ಅವು ಎಡಿನ್‌ಬರಾದ ಪೋರ್ಟ್ರೇಟ್ ಗ್ಯಾಲರೀಲಿವೆ. ನಂಗೆ ದೊಡ್ಡ ಚಿತ್ರಕ್ಕಿಂತ ಆ ಬಿಡಿ ಮುಖಗಳೇ ಇಷ್ಟ, ಬ್ರಶ್ ಮತ್ತೆ ಹುಡುಗನ ಕೈಗೆ ಬಂದ ಹಾಗಿದೆ. ದೊಡ್ಡದು ಸ್ವಲ್ಪ ನಾಟಕದ ಪರದೆ ಥರ, ಶಾಯಿಯವರು ಬೈದ್ರೆ ನಾನು ಅಡ್ಡ ಬರಲ್ಲ. ಆದ್ರೆ 65 ದಾಟಿದವನು ಮಾಡಿದ್ದಕ್ಕೆ 24ರವನಿಗೆ ಹೊಡೀಬೇಡಿ.

ಕೆಂಪು_ಶಾಯಿ:
24ರವನಿಗೆ ಹೊಡೀತಿಲ್ಲ ಮೇಡಂ. ಹೆಸರು ಕೇಳಿದ್ರೆ ಒಂದು ಚೀಟೀಲಿ ಬರ್ಕೊಬಹುದಿತ್ತು ಅಂತಿದೀನಿ.

ಸಿಂಪಲ್_ಸೀನಪ್ಪ:
ಅವಳು ಚಾಕು ಹಿಡ್ಕೊಂಡಿದ್ಲಲ್ಲ, ಕೇಳೋಕೆ ಹೆದರಿರ್ತಾನೆ.

ಮಳೆಗಾಲದ_ಚಪ್ಪಲಿ:
ಎಷ್ಟೊಂದು ತಿಳ್ಕೊಂಡೆ, ಎಲ್ರಿಗೂ ಥ್ಯಾಂಕ್ಸ್. ಇದನ್ನೆಲ್ಲ ಮಗಳಿಗೆ ಓದಿ ಹೇಳಿದ್ದೇ ತಡ, ಭಾನುವಾರ ಫ್ರೆಂಡ್ಸ್ ಜೊತೆ ಆ ಕೋಪಾತ್‌ಗೆ ಹೋಗೇ ಬಿಟ್ಲು. ಸಂಜೆ ವೀಡಿಯೋ ಕಾಲ್ ಮಾಡಿದ್ಲು. ಸಣ್ಣ ಊರು, ನಡುವೆ ಹಳೇ ಕಲ್ಲಿನ ಕಂಬ, ಒಂದು ಚರ್ಚು, ಗಾಳಿಗೆ ನಿಲ್ಲೋಕಾಗ್ಲಿಲ್ಲ ಅಂದ್ಲು. ಮೋಡ ಹಂಗೇ ಇದೆ ಅಮ್ಮಾ, ಚಿತ್ರದಲ್ಲಿದ್ದ ಹಾಗೇ, ಅಂದ್ಲು.

ಎಲೆಕೋಸು ಇತ್ತೇನೇ ಅಂತ ಕೇಳ್ದೆ.

"ಇತ್ತು, ಅಂಗಡೀಲಿ."